ಎರಡೂ ಕೂಡಿದ ತಟ್ಟೆ

ಮೀನಿನ ಮೊಟ್ಟೆಯೊಳಗೆ ಹೃದಯ ಮಿಡಿಯಲಾರಂಭಿಸುವುದನ್ನು ನೋಡಿದವರು ಕಡಿಮೆ. ಸಾಸಿವೆ ಗಾತ್ರದ, ಗಾಜಿನಂಥ ಆ ಗುಳ್ಳೆಯಲ್ಲಿ ಎರಡನೆಯ ದಿನ ಒಂದು ಕೆಂಪು ಚುಕ್ಕೆ ಅದುರತೊಡಗುತ್ತದೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಆ ಮಿಡಿತ ಎಣಿಸುವುದೇ ಹನ್ನೊಂದು ವರ್ಷ ನನ್ನ ಕೆಲಸವಾಗಿತ್ತು.

ನಮ್ಮೂರ ಕೆರೆಗೆ ಬಣ್ಣದ ಕಾರ್ಖಾನೆಯ ನೀರು ಸೇರುತ್ತಿತ್ತು. ಅದರಲ್ಲಿ ಸೀಸದ ಅಂಶವಿತ್ತು, ಮೀನು ಸಾಯುವಷ್ಟಲ್ಲ. ಕೆರೆಯ ಕೊಳಕು ಕಳೆಯಲು ಬಿಳಿಯ ಪುಡಿಯೊಂದನ್ನು ಎರಚುವುದೆಂದು ಮೇಲಿನವರು ನಿಶ್ಚಯಿಸಿದರು. ಅದು ನ್ಯಾನೋ ಪುಡಿ; ಒಂದೊಂದು ಕಣವೂ ಕೂದಲೆಳೆಯ ಸಾವಿರದಲ್ಲೊಂದು ಪಾಲಿಗಿಂತ ಸಣ್ಣದು. ಮೀನಿನ ಮರಿಗಳಿಗೆ ಅದರಿಂದ ಅಪಾಯವಿಲ್ಲವೆಂದು ನಮ್ಮ ಪ್ರಯೋಗಾಲಯ ಬರೆದುಕೊಡಬೇಕಿತ್ತು. ಒಂದು ಸಾಲು ತಟ್ಟೆಗಳಲ್ಲಿ ಶುದ್ಧ ನೀರಿಗೆ ಪುಡಿ ಬೆರೆಸಿ, ಇನ್ನೊಂದು ಸಾಲಿನಲ್ಲಿ ಬರೀ ಕೆರೆಯ ನೀರು ಹಾಕಿ ಮೊಟ್ಟೆಗಳನ್ನಿಟ್ಟೆ. ಎರಡರಲ್ಲೂ ಅವು ಚೆನ್ನಾಗಿಯೇ ಬೆಳೆಯುತ್ತಿದ್ದವು.

ಗಾಜಿನ ಸಾಮಾನು ತೊಳೆಯಲು ಹೊನ್ನೂರಮ್ಮ ಬರುತ್ತಿದ್ದಳು. ಅವಳ ಗಂಡ ಮಾರೆಪ್ಪ ಅದೇ ಕೆರೆಯಲ್ಲಿ ಬಲೆ ಬೀಸುವವನು. ನಾನು ಜ್ವರ ಬಂದು ಎರಡು ದಿನ ಮಲಗಿದ್ದಾಗ, ಪುಡಿಯ ತಟ್ಟೆಯೊಂದರಲ್ಲಿ ನೀರು ಇಂಗಿದ್ದು ಕಂಡು ಅವಳು ಕೈಗೆ ಸಿಕ್ಕ ಬಾಟಲಿಯಿಂದ ತುಂಬಿಸಿದ್ದಳು. ಅದರಲ್ಲಿದ್ದದ್ದು ಕೆರೆಯ ನೀರು.

ನಾನು ಮರಳಿ ಬಂದು ನೋಡಿದಾಗ, ಆ ತಟ್ಟೆಯಲ್ಲಿ ಕೆಂಪು ಚುಕ್ಕೆಗಳು ತಡೆತಡೆದು ಮಿಡಿಯುತ್ತಿದ್ದವು. ಬಾಲಗಳು ಕೊಕ್ಕೆಯಂತೆ ಬಾಗಿದ್ದವು.

"ಯಾರು ಮುಟ್ಟು ಅಂದ್ರು ನಿನಗೆ?" ಎಂದು ಕೂಗಾಡಿದೆ.

"ಮರಿ ಒಣಗಿ ಸಾಯ್ತಾವಂತ ಹಾಕಿದ್ನಿರೀ ಅಕ್ಕಾರ," ಎಂದಳು. ತಟ್ಟೆಯತ್ತ ಬಾಗಿ, "ಆದ್ರ ಪುಡಿ ಬಿದ್ಮ್ಯಾಲ ಕೆರ್ಯಾಗೂ ಇವೆರಡೂ ಕೂಡೇ ಇರ್ತಾವಲ್ರೀ?" ಎಂದು ಕೇಳಿದಳು.

ನಾನು 'ಕೈತಪ್ಪಿನಿಂದ ಕೆಟ್ಟ ತಟ್ಟೆ' ಎಂದು ಬರೆದು ಚೆಲ್ಲಿದೆ. ಮರುವಾರ ಅವಳನ್ನು ಕೆಲಸದಿಂದ ತೆಗೆದರು.

ವರದಿ ಹೋಯಿತು, ಕೆರೆಗೆ ಪುಡಿ ಬಿತ್ತು. ತಿಂಗಳಲ್ಲಿ ಕೆರೆ ತಿಳಿಯಾಯಿತು. ಜನ ಮಕ್ಕಳನ್ನು ಕರೆದುಕೊಂಡು ನೋಡಲು ಬಂದರು. ಮಳೆಗಾಲದಲ್ಲಿ ಗೆಂಡೆ ಮೀನುಗಳು ಎಂದಿನಂತೆ ದಡದ ಜೊಂಡಿನಲ್ಲಿ ಮೊಟ್ಟೆಯಿಟ್ಟವು. ವಾರ ಕಳೆದ ಮೇಲೆ ಹೊನ್ನೂರಮ್ಮ ಕೆರೆಯ ನೀರಿನಲ್ಲಿ ಮರಿಗಳಿದ್ದ ಒಂದು ಸ್ಟೀಲ್ ಡಬ್ಬಿ ಹಿಡಿದು ಬಂದು ಪ್ರಯೋಗಾಲಯದ ಬಾಗಿಲಲ್ಲಿ ನಿಂತಳು.

"ನೋಡ್ರಿ," ಎಂದಳು, ಅಷ್ಟೇ.

ಹನಿ ನೀರು ತೆಗೆದು ಕಣ್ಣಿಟ್ಟೆ. ಅದೇ ಕೊಕ್ಕೆ ಬಾಲ. ಅದೇ ಕೆಂಪು ಚುಕ್ಕೆ, ಮಿಡಿದು, ನಿಂತು, ಮತ್ತೆ ಮಿಡಿಯುತ್ತಿತ್ತು.

"ನನ್ನ ಕೈಯಾಗ ಏನೋ ದೋಷ ಐತಂತ ನಮ್ಮತ್ತಿ ಅಂತಾಳ್ರೀ. ಮೊದ್ಲು ನಿಮ್ಮ ತಟ್ಟಿ ಕೆಡಿಸಿದೆ, ಈಗ ಕೆರಿ. ನನಗೂ ಹಂಗ ಅನಸಾಕ ಹತ್ತೈತಿ."

ಆಗ ಹೇಳಿದೆ. ಅವಳನ್ನು ಕೆಲಸದಿಂದ ತೆಗೆದ ವಾರವೇ ನಾನು ಬೇಕೆಂದೇ ಎರಡನ್ನೂ ಕೂಡಿಸಿ ನೋಡಿದ್ದೆ. ಅರವತ್ತು ಮೊಟ್ಟೆಗಳಲ್ಲಿ ಐವತ್ತೆರಡು ಬಾಗಿದವು. ತಾನಾಗಿ ಒಳನುಗ್ಗಲಾರದ ಸೀಸವನ್ನು ಆ ಕಣಗಳು ಮೈಗೆ ಅಂಟಿಸಿಕೊಂಡು ಮೊಟ್ಟೆಯ ಪೊರೆ ದಾಟಿಸುತ್ತಿದ್ದವು. ಮುಖ್ಯಸ್ಥರಾದ ವಾಮದೇವಯ್ಯನವರಿಗೆ ಆ ಲೆಕ್ಕದ ಹಾಳೆ ತೋರಿಸಿದ್ದೆ. "ನಮ್ಮನ್ನ ಕೇಳಿರೋದು ಪುಡಿ ಬಗ್ಗೆ ಮಾತ್ರ. ಕೇಳದೇ ಇರೋದಕ್ಕೆ ಯಾಕಮ್ಮ ಉತ್ತರ?" ಎಂದಿದ್ದರು. ನಾನು ಆ ಹಾಳೆಯನ್ನು ಹರಿದು, ವರದಿಗೆ ಸಹಿ ಹಾಕಿದ್ದೆ.

ಹೊನ್ನೂರಮ್ಮ ಡಬ್ಬಿಯ ಮುಚ್ಚಳ ಹಾಕಿದಳು. "ಇದನ್ನ ಬರದು ಕೊಡ್ತೀರೇನ್ರಿ?" ಎಂದಳು.

ಪ್ರಯೋಗವನ್ನು ಮತ್ತೊಮ್ಮೆ ಮಾಡಿ, ಬರೆದು, ಎಲ್ಲ ಕಚೇರಿಗಳಿಗೂ ಕಳುಹಿಸಿದೆ. ನನ್ನ ಕೆಲಸ ಹೋಯಿತು. ಹೊಸದಾಗಿ ಪುಡಿ ಎರಚುವುದು ನಿಂತಿತು. ಎರಚಿದ್ದನ್ನು ಸೋಸಿ ತೆಗೆಯುವ ಜರಡಿ ಯಾರ ಬಳಿಯೂ ಇರಲಿಲ್ಲ.

ಒಂದು ಪ್ರತಿಯನ್ನು ಅವಳ ಮನೆಗೆ ಒಯ್ದೆ. ಅವಳಿಗೆ ಓದು ಬರುತ್ತಿರಲಿಲ್ಲ. ಅತ್ತೆಯನ್ನು ಹೊರಗೆ ಕರೆದು ಕೂರಿಸಿ, ನನಗೆ "ಓದ್ರಿ," ಎಂದಳು. 'ಹೊನ್ನೂರಮ್ಮನವರು ಮೊದಲು ಗಮನಿಸಿದಂತೆ' ಎಂಬ ಸಾಲಿಗೆ ಬಂದಾಗ, "ಅದನ್ನ ಇನ್ನೊಮ್ಮೆ," ಎಂದಳು. ಇನ್ನೊಮ್ಮೆ ಓದಿದೆ. ಮುದುಕಿ ನೆಲ ನೋಡುತ್ತ ಕೂತಿದ್ದಳು. ಅಂಗಳದ ಆಚೆ ತುದಿಯಲ್ಲಿ ಮಾರೆಪ್ಪ ನಮ್ಮತ್ತ ತಿರುಗದೆ, ಬಲೆಯನ್ನು ಕುಡುಗೋಲಿನಿಂದ ತುಂಡುತುಂಡಾಗಿ ಕೊಯ್ದು, ಅವರೆಯ ಬಳ್ಳಿ ಹಬ್ಬಲೆಂದು ಗೂಟಗಳಿಗೆ ಕಟ್ಟುತ್ತಿದ್ದ.