ಸೊಂಟದ ಹಗ್ಗ

ಬೆನ್ನಿಗೆ ಕಲ್ಲಿನ ಚಕ್ಕೆ ಬಡಿದಾಗಲೇ ನಾನು ತಿರುಗಿದ್ದು. ನನ್ನ ಕಿವಿ ಹೋದದ್ದು ತಿಳಿದ ಮೇಲೆ ಮೇಸ್ತ್ರಿ ಅಂದಾನಪ್ಪ ನನ್ನನ್ನು ಕರೆಯುವುದೇ ಹೀಗೆ.

"ಕಿವುಡ ಸೂಳಿಮಗನ, ಇಲ್ಲಿ ಸಹಿ ಮಾಡ. ಮಾಡಿದ್ರ ಕೆಲಸ, ಇಲ್ಲಂದ್ರ ಮನಿ."

ಕೇಳಿಸಲಿಲ್ಲ, ತುಟಿ ನೋಡಿ ತಿಳಿದುಕೊಂಡೆ. ಬೈಗುಳಕ್ಕೆ ಕಿವಿ ಬೇಕಾಗುವುದಿಲ್ಲ. ಅವನು ಚಾಚಿದ ಕಾಗದವನ್ನು ಅಕ್ಷರ ಕೂಡಿಸಿ ಓದಿದೆ. ಎಲ್ಲರಿಗೂ ಕಿವಿಮುಚ್ಚಳ ಕೊಟ್ಟಿದ್ದೆವು, ಸೀಟಿ ಊದಿದ್ದೆವು, ಫಾರೂಕ ಕುಡಿದು ಬಂದಿದ್ದ ಎಂದಿತ್ತು.

ನನ್ನ ಜೊತೆ ಡ್ರಿಲ್ ಹಿಡಿಯುತ್ತಿದ್ದ ಫಾರೂಕ ಚಹಾ ಬಿಟ್ಟು ಬೇರೇನೂ ಕುಡಿದವನಲ್ಲ. ಮುಚ್ಚಳ ಕೊಟ್ಟದ್ದು ನಿಜ. ಹೋದ ವರ್ಷ ಸಾಹೇಬರು ತಪಾಸಣೆಗೆ ಬಂದ ದಿನ ಕೊಟ್ಟಿದ್ದರು, ಫೋಟೊ ಮುಗಿಯುವ ತನಕ. ಜೀಪು ತಿರುವು ದಾಟುವ ಮೊದಲೇ ಚೀಲಕ್ಕೆ ತುಂಬಿ ಒಯ್ದರು.

ಇಳಕಲ್ಲಿನ ಈ ಕ್ವಾರಿಯಲ್ಲಿ ಹತ್ತು ವರ್ಷ ಡ್ರಿಲ್ ಹಿಡಿದವನ ಕಿವಿ ಉಳಿಯುವುದಿಲ್ಲ. ಫಾರೂಕನದು ಮೊದಲು ಹೋಯಿತು. ಮದ್ದು ಸಿಡಿಸುವ ಮುಂಚೆ ಊದುವ ಸೀಟಿ ಅವನಿಗೆ ಕೇಳುತ್ತಿರಲಿಲ್ಲ. ಅದಕ್ಕೇ ಅವನ ಸೊಂಟಕ್ಕೊಂದು ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಮದ್ದಿನ ಹೊತ್ತಿಗೆ ನನ್ನ ಡ್ರಿಲ್ ಬಿಟ್ಟು ಮೇಲಿನ ಮೆಟ್ಟಿಲಲ್ಲಿ ನಾನು ಹಿಡಿದು ನಿಲ್ಲುತ್ತಿದ್ದೆ. ಸೀಟಿ ಆದರೆ ಜಗ್ಗಬೇಕು, ಅವನು ಹತ್ತಿ ಬರಬೇಕು. ಒಬ್ಬ ಆಳು ಎಲ್ಲರಿಗೂ ಕಾಣುವ ಹಾಗೆ ಕೆಂಪು ಬಟ್ಟೆ ಬೀಸಿದರೆ ಸಾಕು, ಕಣ್ಣಾದರೂ ಇವೆಯಲ್ಲ ಎಂದು ಅಂದಾನಪ್ಪನಿಗೆ ಎಷ್ಟೋ ಸಲ ಹೇಳಿದ್ದೆವು. ಬಟ್ಟೆ ಬೀಸಲು ಒಂದು ಪಗಾರ ಬೇರೆ ಕೊಡಬೇಕೇ ಎಂದು ನಕ್ಕಿದ್ದ.

ಆಮೇಲೆ ನನ್ನ ಕಿವಿಯೂ ಹೋಗತೊಡಗಿತು. ಕೆಲಸದ ಭಯಕ್ಕೆ ಯಾರಿಗೂ ಹೇಳಲಿಲ್ಲ, ಫಾರೂಕನಿಗೂ. ಕಿವಿ ಸುಮ್ಮನೆ ಹೋಗಲಿಲ್ಲ, ಒಳಗೊಂದು ಸೀಟಿ ಬಿಟ್ಟುಹೋಯಿತು. ಹಗಲೂ ರಾತ್ರಿಯೂ ಊದುತ್ತದೆ. ಎರಡು ಸಲ ಅದನ್ನೇ ನಂಬಿ ಹಗ್ಗ ಜಗ್ಗಿದೆ. ಫಾರೂಕ ಡ್ರಿಲ್ ಬಿಟ್ಟು ಎದ್ದುಬಿದ್ದು ಹತ್ತಿ ಬಂದ, ಎಲ್ಲರೂ ನಕ್ಕರು. ಎರಡನೆಯ ಸಲ ಅಂದಾನಪ್ಪ ನನ್ನ ಕಪಾಳಕ್ಕೆ ಹೊಡೆದು, ಇನ್ನೊಮ್ಮೆ ಜಗ್ಗಿದರೆ ಇಬ್ಬರನ್ನೂ ಓಡಿಸುತ್ತೇನೆ ಎಂದ.

ಮೂರನೆಯ ಸಲ ಸೀಟಿ ಕೇಳಿದಾಗ ನಾನು ಜಗ್ಗಲಿಲ್ಲ. ಒಳಗಿನ ಸೀಟಿಯೇ ಇರಬೇಕು ಎಂದುಕೊಂಡೆ. ಉಳಿದವರು ನನ್ನ ಬೆನ್ನ ಹಿಂದೆ ಓಡಿಹೋಗಿದ್ದರು. ಮದ್ದು ಸಿಡಿದ ಮೇಲೆ ನನ್ನ ಕೈಯಲ್ಲಿದ್ದ ಹಗ್ಗ ಹಗುರಾಯಿತು.

ಮಣ್ಣು ಮಾಡಿದ ಮರುದಿನ ಅವನ ತಾಯಿ ಮಾಸುಮಬಿಯ ಬಳಿಗೆ ಹೋದೆ. ಮಗನ ಜೊತೆ ಮಾತಾಡುತ್ತಿದ್ದ ಹಾಗೆಯೇ ನನ್ನೆದುರು ಕೂತು ನಿಧಾನವಾಗಿ ತುಟಿ ಆಡಿಸಿದಳು.

"ಹಗ್ಗ ಯಾಕ ಜಗ್ಗಲಿಲ್ಲೋ ಬಂಡೆಪ್ಪ?"

"ನನಗೂ ಕೇಳಿಸೂದಿಲ್ಲಬೇ."

ಆ ಮಾತು ಮೊದಲ ಸಲ ನನ್ನ ಬಾಯಿಂದ ಬಂತು. ಅವಳು ಎದ್ದು ನಿಂತಳು. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ, ಫಾರೂಕ ತಲೆಗೆ ಸುತ್ತುತ್ತಿದ್ದ ಕೆಂಪು ಟವೆಲ್ ತಂದು ನನ್ನ ತೊಡೆಯ ಮೇಲಿಟ್ಟಳು.

ಈಗ ಅದು ಅವನ ಹಗ್ಗದ ಸುರುಳಿಯ ಜೊತೆ ನನ್ನ ಹೆಗಲ ಮೇಲಿತ್ತು. ಅಂದಾನಪ್ಪ ಪೆನ್ನು ಹಿಡಿದೇ ನಿಂತಿದ್ದ. ಎದುರಿನ ಬಂಡೆಗೆ ಮದ್ದು ತುಂಬಿ ಆಗಿತ್ತು. ಕಾಗದವನ್ನು ಸಹಿ ಮಾಡದೆ ಅವನ ಕೈಗೇ ಕೊಟ್ಟು, ಆ ಬಂಡೆ ಹತ್ತಿ ಮದ್ದಿನ ತೂತುಗಳ ನಡುವೆ ಕೂತೆ. ಫಾರೂಕನ ಹಗ್ಗವನ್ನು ನನ್ನ ಸೊಂಟಕ್ಕೆ ಬಿಗಿದುಕೊಂಡು ಟವೆಲ್ ಮೇಲೆತ್ತಿದೆ.

"ಕೆಂಪ ಬಟ್ಟಿ ಹಿಡಿಯಾಂವ ಬರೂತನಕ ನಾ ಏಳೂದಿಲ್ಲ."

ಎಷ್ಟು ಜೋರಾಗಿ ಹೇಳಿದೆನೋ ಗೊತ್ತಿಲ್ಲ. ಮೇಲಿನ ಡ್ರಿಲ್ಲಿನವರೆಲ್ಲ ಕೆಲಸ ನಿಲ್ಲಿಸಿ ನನ್ನತ್ತ ತಿರುಗಿದರು. ಅಂದಾನಪ್ಪ ಮದ್ದಿನವನ ಕಡೆ ಕೈ ಬೀಸಿ ಏನೋ ಕೂಗುತ್ತಿದ್ದ. ಅವನ ತುಟಿ ಅಷ್ಟು ದೂರದಿಂದ ಕಾಣಲಿಲ್ಲ.

ಹಗ್ಗದ ಇನ್ನೊಂದು ತುದಿ ಕಲ್ಲಿನ ಮೇಲೆ ಸುಮ್ಮನೆ ಬಿದ್ದಿತ್ತು. ಸೀಟಿ ಊದುತ್ತಿತ್ತು. ಒಳಗಿನದೋ ಹೊರಗಿನದೋ ಈ ಸಲವೂ ತಿಳಿಯಲಿಲ್ಲ. ನಾನು ಏಳಲಿಲ್ಲ.