ಟ್ಯೂಬಾ ನುಡಿಸುತ್ತಿದ್ದ ಪವಮಾನ ಭಟ್ಟರು

ಪವಮಾನ ಭಟ್ಟರ ಶರೀರಕ್ಕೂ ಶಾರೀರಕ್ಕೂ ಯಾವ ಸಂಬಂಧವೂ ಇರಲಿಲ್ಲ. ಭಾರ ಹೇರಿದ ದೋಣಿಯಂತೆ ಎಡಬಲಕ್ಕೆ ತೂಗುತ್ತ, ಗಲ್ಲಿಯ ಅಗಲವನ್ನೆಲ್ಲ ತುಂಬಿಕೊಂಡು ಬರುತ್ತಿದ್ದ ಆ ಭವ್ಯ ಕಾಯ ಬಾಯಿ ತೆರೆದರೆ ಹೊರಡುತ್ತಿದ್ದುದು ನೂಲಿನೆಳೆಯಂಥ ಕೀಚಲು ದನಿ. ದಶಾಶ್ವಮೇಧ ಘಾಟಿನ ಛತ್ರಿಯಡಿ ಕುಳಿತು ಕನ್ನಡ ಯಾತ್ರಿಕರಿಗೆ ಸಂಕಲ್ಪ ಹೇಳಿಸುವಾಗ ಅಕ್ಕಪಕ್ಕದ ಪುರೋಹಿತರ ಘೋಷದಲ್ಲಿ ಅವರ ಮಂತ್ರ ಮುಳುಗಿಹೋಗಿ, ಪಾಪ, ಯಾತ್ರಿಕರು ಯಾರ ಗೋತ್ರವನ್ನೋ ತಮ್ಮದೆಂದು ಉಚ್ಚರಿಸಿಬಿಡುತ್ತಿದ್ದರು.

ನಾನು ಅಧ್ಯಾಪಕನಾಗಿ ಕಾಶಿಗೆ ಬಂದು, ಭೇಲೂಪುರದ ಅವರ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದದ್ದು ಎಪ್ಪತ್ತೆರಡರಲ್ಲಿ. ಆ ಹೊತ್ತಿಗಾಗಲೇ ನಡುಮನೆಯಲ್ಲಿ ಟ್ಯೂಬಾ ಪ್ರತಿಷ್ಠಿತವಾಗಿತ್ತು. ಮದುವೆಯ ಬ್ಯಾಂಡಿನಲ್ಲಿ ಎಲ್ಲರ ಹಿಂದೆ ನಿಂತು ತಳದ ಸ್ವರವನ್ನಷ್ಟೇ ಊದುವ, ಕೂಸೊಂದನ್ನು ಕೂರಿಸಬಹುದಾದಷ್ಟು ಅಗಲ ಬಾಯಿಯ ಹಿತ್ತಾಳೆ ವಾದ್ಯ. ನೆರೆಯ ಬ್ಯಾಂಡಿನವನೊಬ್ಬ ತೀರಿಕೊಂಡ ಮೇಲೆ ಅವನ ಮಗ ಅದನ್ನು ಕರಗಿಸಲೆಂದು ಠಠೇರಿ ಬಜಾರಿಗೆ ಹೊತ್ತೊಯ್ಯುತ್ತಿದ್ದಾಗ ಭಟ್ಟರು ತಮ್ಮ ಸೈಕಲ್ಲನ್ನು ಅವನಿಗೆ ಕೊಟ್ಟು ಇದನ್ನು ಇಳಿಸಿಕೊಂಡಿದ್ದರು. ಮೊದಲ ಸಲ ಊದಿದಾಗ ಅಂಥ ಗಂಭೀರ ನಾದ ತಮ್ಮಿಂದಲೇ ಹೊರಟಿತೆಂದು ನಂಬಲಾರದೆ ಹಿಂತಿರುಗಿ ನೋಡಿದರಂತೆ. ಅಂದಿನಿಂದ ದಿನವೂ ಊದುವುದು, ಎಂಜಲಾಯಿತೆಂದು ಮತ್ತೆ ಸ್ನಾನ ಮಾಡಿಯೇ ಮಂತ್ರ ಮುಟ್ಟುವುದು. ಮಾಘದ ಚಳಿಯಲ್ಲೂ ಈ ಹಟ ಸಡಿಲಿದ್ದಿಲ್ಲ.

ಆದರೆ ಟ್ಯೂಬಾಗೆ ಒಂಟಿಯಾಗಿ ನುಡಿಸಲು ಏನಿದೆ? ಬ್ಯಾಂಡಿನಿಂದ ಬೇರ್ಪಟ್ಟ ತಳದ ಸ್ವರ, ಗಾಯಕನಿಲ್ಲದ ಕಚೇರಿಯಲ್ಲಿ ಮಿಡಿಯುತ್ತಲೇ ಇರುವ ತಂಬೂರಿಯಂತೆ. ಭಟ್ಟರು ಸಂಗೀತ ಬಲ್ಲವರನ್ನೆಲ್ಲ ಕೇಳಿದರು. ದಂಡಿನ ಬ್ಯಾಂಡಿನಲ್ಲಿದ್ದು ನಿವೃತ್ತನಾದ ಮುದುಕನೊಬ್ಬ, ಅಡಿಪಾಯಕ್ಕೆ ಯಾರಾದರೂ ಚಿತ್ತಾರ ಬಿಡಿಸುತ್ತಾರೆಯೇ ಪಂಡಿತರೇ ಎಂದು ನಕ್ಕ. ಕೊನೆಗೆ ಸಾರನಾಥದಲ್ಲಿ ಪಾಲಿ ಕಲಿಯುತ್ತಿದ್ದ ಎರ್ವಿನ್ ಎಂಬ ಜರ್ಮನ್ ತರುಣ ದಾರಿ ತೋರಿಸಿದ. ತನ್ನ ಕಡೆ ಕೆಲವರು ಈಚೆಗೆ ಟ್ಯೂಬಾಗೆಂದೇ ಕೃತಿಗಳನ್ನು ಬರೆಯುತ್ತಿದ್ದಾರೆ, ಜೊತೆಗೆ ವಾದ್ಯಗಾರರೂ ಬೇಕಿಲ್ಲ, ವಿದ್ಯುದ್ಯಂತ್ರಗಳಿಂದ ಹುಟ್ಟಿಸಿದ ಧ್ವನಿಗಳನ್ನು ಮೊದಲೇ ಟೇಪಿನಲ್ಲಿ ಹಿಡಿದಿಟ್ಟಿರುತ್ತಾರೆ ಎಂದ. ಅಂಥದೊಂದು ಟೇಪು ಅವನ ಗೆಳೆಯನ ಚೀಲದಲ್ಲಿ ಕಾಶಿ ತಲುಪುವಷ್ಟರಲ್ಲಿ ವರ್ಷ ಕಳೆದಿತ್ತು.

ಎರ್ವಿನ್ ತನ್ನ ಟೇಪ್‌ರೆಕಾರ್ಡರನ್ನು ನಡುಮನೆಗೇ ತಂದಿಟ್ಟ. ಸುರುಳಿ ತಿರುಗಿತು. ಹಂಡೆಯ ನೀರು ಮರಳಿದಂತೆ, ದೂರದ ಸೇತುವೆಯ ಮೇಲೆ ರೈಲು ಹೊರಟಂತೆ, ಗಂಟೆ ಹೊಡೆದ ಮೇಲೆ ಉಳಿಯುವ ಗುಂಗಿನಂತೆ ಏನೇನೋ ಸದ್ದು. ನಡುನಡುವೆ ದೀರ್ಘವಾದ ಮೌನ. ಇದು ಸಂಗೀತವೇ ಎಂದು ನಾನು ಕೇಳಿದೆ.

"ಗೊತ್ತಿಲ್ಲ ಮೇಷ್ಟ್ರೇ," ಎಂದರು ಭಟ್ಟರು. "ಆದ್ರೆ ನಾನು ಬರ್ತೀನಿ ಅಂತ ಜಾಗ ಬಿಟ್ಟಿದೆ ನೋಡಿ."

ಪಾಶ್ಚಾತ್ಯ ಸ್ವರಲಿಪಿ ಅವರಿಗೆ ತಿಳಿಯದು. ಎರ್ವಿನ್ ಗುನುಗಿ ತೋರಿಸಿದ್ದನ್ನು ವೇದದ ಪಾಠದಂತೆ ಕಿವಿಯಿಂದಲೇ ಕಲಿತರು. ಟೇಪು ಯಾರಿಗೂ ಕಾಯುವುದಿಲ್ಲ. ಉಸಿರು ಸಾಲದೆ ಹಿಂದೆ ಬಿದ್ದರೆ ಮತ್ತೆ ಮೊದಲಿಂದ. ಮನೆಯೊಳಗಿನ ಈ ವಿಚಿತ್ರ ಗರ್ಜನೆಯ ಸುದ್ದಿ ಘಾಟಿಗೆ ಮುಟ್ಟಿ, ಭಟ್ಟರ ದೊಡ್ಡಪ್ಪ ಕೃಷ್ಣಮೂರ್ತಿ ಭಟ್ಟರು ಒಂದು ದಿನ ಬಂದು ಕುಳಿತರು. ಛತ್ರಿಯ ಜಾಗ ಅವರ ಮನೆತನದ್ದು, ಅವರ ಮಾತೇ ಅಲ್ಲಿ ಕಡೆ. ಎಂಜಲು ವಾದ್ಯ ಊದುವ ಬಾಯಲ್ಲಿ ಪಿತೃಗಳ ಹೆಸರು ಬರಕೂಡದು, ಪಿತೃಪಕ್ಷದೊಳಗೆ ಎರಡರಲ್ಲಿ ಒಂದನ್ನು ಬಿಡಬೇಕು ಎಂದು ವಿಧಿಸಿದರು.

ಭಟ್ಟರ ಹೆಂಡತಿ ಅಂಬುಜಾಕ್ಷಮ್ಮ, ಹಿರಿಯರೆದುರು ಎಂದೂ ಮಾತಾಡದವರು, ಒಳಬಾಗಿಲಲ್ಲೇ ನಿಂತು ಕೇಳಿದರು: "ಮಾವನೋರೇ, ಶಂಖ ಊದೋದೂ ಬಾಯಿಂದಾನೇ ಅಲ್ವೇ?"

"ಶಂಖಕ್ಕೆ ಶಾಸ್ತ್ರ ಇದೆಯಮ್ಮ. ಇದಕ್ಕೇನಿದೆ?"

ಭಟ್ಟರು ದೊಡ್ಡಪ್ಪನ ಕಾಲಿಗೆ ನಮಸ್ಕರಿಸಿ, ಮರುದಿನ ಬೆಳಿಗ್ಗೆ ಛತ್ರಿಯನ್ನು ತಾವೇ ಹೊತ್ತು ಅವರ ಮನೆಗೆ ಮುಟ್ಟಿಸಿ ಬಂದರು. ಅಂದು ಅಂಬುಜಾಕ್ಷಮ್ಮ ಅಡುಗೆ ಮಾಡುತ್ತ ಸದ್ದಿಲ್ಲದೆ ಅತ್ತದ್ದೂ ಉಂಟು.

ಆ ಚಳಿಗಾಲದ ಒಂದು ಮಧ್ಯಾಹ್ನ, ಸಾರನಾಥದ ವಿಹಾರವೊಂದರ ಅಂಗಳದಲ್ಲಿ, ಕೆಲವು ಭಿಕ್ಷುಗಳು, ಎರ್ವಿನ್, ಅಂಬುಜಾಕ್ಷಮ್ಮ ಮತ್ತು ನನ್ನೆದುರು ಭಟ್ಟರು ಆ ಕೃತಿಯನ್ನು ನುಡಿಸಿದರು. ಅರ್ಧದಲ್ಲಿ ಕರೆಂಟು ಹೋಯಿತು. ಸುರುಳಿ ನಿಂತಿತು. ನೀವೊಬ್ಬರೇ ಮುಂದುವರಿಸಿ ಎಂದು ನಾವೆಲ್ಲ ಹೇಳಿದರೂ ಕೇಳದೆ, ವಾದ್ಯವನ್ನು ತೊಡೆಯ ಮೇಲೆ ಮಲಗಿಸಿಕೊಂಡರು.

"ಜೊತೆಗೆ ಕೂತೋರು ಎದ್ದು ಹೋದಾಗ ನಾವೊಬ್ರೇ ಉಂಡು ಮುಗಿಸೋದು ಚೆನ್ನಾಗಿರಲ್ಲ," ಎಂದರು.

ಭಿಕ್ಷುಗಳು ಚಹಾ ಕೊಟ್ಟರು. ಬಹಳ ಹೊತ್ತಿನ ಮೇಲೆ ಕರೆಂಟು ಬಂದಿತು. ಭಟ್ಟರು ಮೊದಲಿಂದ ಆರಂಭಿಸಿ ಕೊನೆಯವರೆಗೂ ನುಡಿಸಿದರು. ನನಗೆ ಅದು ರುಚಿಸಿತೆಂದು ಹೇಳಲಾರೆ. ಆದರೆ ಆ ಯಂತ್ರದ ಗುಂಗಿನೊಳಗಿಂದ ಅವರ ನಾದ ಮೆಲ್ಲನೆ ಎದ್ದು ಬಂದಾಗ ಅಂಬುಜಾಕ್ಷಮ್ಮ ಕಣ್ಣು ಮುಚ್ಚಿ ಕುಳಿತಿದ್ದ ಪರಿಯನ್ನು ಮರೆಯಲಾರೆ.

ಛತ್ರಿ ಮತ್ತೆ ಅವರದಾಗಲಿಲ್ಲ. ಕಾಶಿವಾಸಕ್ಕೆಂದು ಬಂದಿದ್ದ ನಮ್ಮ ಕಡೆಯ ವೃದ್ಧೆಯರು ಮಾತ್ರ ಅವರನ್ನು ಶ್ರಾದ್ಧಕ್ಕೆ ಕೋಣೆಗೇ ಕರೆಸಿಕೊಳ್ಳತೊಡಗಿದರು. ಘಾಟಿನ ಗದ್ದಲದಲ್ಲಿ ಏನೂ ಕೇಳುವುದಿಲ್ಲ, ಈ ಭಟ್ಟರು ನಿಧಾನವಾಗಿ ಹೇಳುತ್ತಾರೆ, ನಮ್ಮ ಯಜಮಾನರ ಹೆಸರು ನಮ್ಮ ಕಿವಿಗೆ ಬೀಳುತ್ತದೆ ಎಂದು ಸುಂದರಮ್ಮ ಎಂಬಾಕೆ ನನ್ನೊಡನೆ ಹೇಳಿದ್ದರು. ಮನೆ ಹೇಗೋ ನಡೆಯಿತು.

ನಾನು ಬಂಡಾಯಗಾರರನ್ನು ಬೇಕಾದಷ್ಟು ಕಂಡಿದ್ದೇನೆ. ಅವರಿಗೆ ಎದುರಾಳಿ ಬೇಕು, ಸಾಕ್ಷಿ ಬೇಕು, ಕಡೆಗೆ ಗೆಲುವೂ ಬೇಕು. ಭಟ್ಟರಂಥವರ ಬಗೆ ಬೇರೆ. ಕುಲಕ್ಕೂ ಕಸುಬಿಗೂ ಹೊಂದದ ಒಲವೊಂದು ಎಲ್ಲಿಂದಲೋ ಬಂದು ಬಾಗಿಲಲ್ಲಿ ನಿಂತರೆ, ಅವರು ಅದನ್ನು ಒಳಗೆ ಕರೆದು ಮಣೆ ಹಾಕುತ್ತಾರೆ. ಅದಕ್ಕಾಗಿ ಯಾರೊಡನೆಯೂ ಜಗಳವಾಡುವುದಿಲ್ಲ, ಯಾರ ಅಪ್ಪಣೆಗೂ ಕಾಯುವುದಿಲ್ಲ. ಲೋಕ ಇಂಥವರನ್ನು ದಂಡಿಸಿ ಬಹುಬೇಗ ಮರೆತುಬಿಡುತ್ತದೆ. ಅವರು ಅದಕ್ಕೂ ಮೊದಲೇ ಲೋಕವನ್ನು ಕ್ಷಮಿಸಿರುತ್ತಾರೆ.