ಒಂಬತ್ತು ಸೆಕೆಂಡು

"ಇದ್ಯಾಕತ್ತಿಗೆ ಇಂಗೆ ಕರ್ರಗಾಗದೆ? ಉಳ ಗಿಳ ಕಡಿದಿತ್ತಾ?" ಎಂದು ಶಾಂತಿ ಅಣ್ಣನ ಕಾಲಿನ ಹೆಬ್ಬೆರಳನ್ನು ಹಿಡಿದೇ ಕೇಳಿದಳು.

ಪಾದಕ್ಕೆ ನೀರು ಹುಯ್ಯುತ್ತಿದ್ದ ಭಾಗ್ಯಮ್ಮನ ಚೊಂಬು ಅಲ್ಲೇ ನಿಂತಿತು. ಆಂಜಿನಪ್ಪನ ಎರಡೂ ಹೆಬ್ಬೆರಳ ಉಗುರುಗಳು ಕಪ್ಪಾಗಿದ್ದವು. ಎಡಗಾಲಿನದು ಅರ್ಧ ಎದ್ದು ಬಂದು, ಅದರ ಬುಡದಲ್ಲಿ ಹೊಸ ಉಗುರು ಇಷ್ಟೇ ಇಷ್ಟು ಕಾಣಿಸಿಕೊಂಡಿತ್ತು.

"ಓಡೋರ ಉಗುರು ಅಂಗೇಯ. ಬೂಟಿನ ಮೂತಿಗೆ ಒಡ್ದು ಒಡ್ದು ಕರ್ರಗಾಯ್ತದೆ. ಬಿದ್ದೋಯ್ತದೆ, ಮತ್ತೆ ಬತ್ತದೆ."

"ಅರವತ್ತೆರಡಕ್ಕೆ ಯಾವ ಸೀಮೆ ಓಟ ಅತ್ತಿಗೆ? ಓಡೀ ಓಡೀನೇ ಓದ ನಮ್ಮಣ್ಣ."

ಆಂಜಿನಪ್ಪ ಓಡುತ್ತ ಸತ್ತವನಲ್ಲ. ನಿನ್ನೆ ಮಧ್ಯಾಹ್ನ ಮುದ್ದೆ ಉಂಡು, ಕೈ ತೊಳೆದು, ದಿವಾನದ ಮೇಲೆ ಅಡ್ಡಾದವನು ಮತ್ತೆ ಏಳಲಿಲ್ಲ. ಆದರೂ ಪಟ್ಟಂದೂರು ಅಗ್ರಹಾರದವರು ಬೆಳಗಿನಿಂದ ಅವನನ್ನು ಓಟಕ್ಕೇ ಗಂಟು ಹಾಕಿದ್ದರು. ಊರ ಬಾಯಿಗೆ ಬೀಗ ಹಾಕುವವರು ಯಾರು? ಮನುಷ್ಯ ಓಡಿದರೆ ಹೊಟ್ಟೆಪಾಡಿಗೆ ಓಡಬೇಕು, ಇಲ್ಲಾ ನಾಯಿಗೆ ಹೆದರಿ ಓಡಬೇಕು. ಮೂರು ಬಾಡಿಗೆ ಮನೆಗಳ ಯಜಮಾನ ಸುಮ್ಮಸುಮ್ಮನೆ ಓಡುವುದನ್ನು ಅವರು ಒಂಬತ್ತು ವರ್ಷದಿಂದ ಅರಗಿಸಿಕೊಂಡಿರಲಿಲ್ಲ.

ಭಾಗ್ಯಮ್ಮನಿಗೆ ಆ ಮಾತುಗಳು ಕಿವಿಗೆ ಬೀಳುತ್ತಿದ್ದವು ಅಷ್ಟೆ. ಅವಳ ತಲೆಯಲ್ಲಿ ಬೇರೆಯೇ ಒಂದು ಯೋಚನೆ ಕೂತಿತ್ತು. ಚೊಂಬನ್ನು ಕೆಳಗಿಟ್ಟು ಮಗ ಚಿರಂಜೀವಿಯನ್ನು ಗೋಡೆಯ ಕಡೆಗೆ ಕರೆದಳು.

"ದೊಡ್ಡಪ್ಪನ್ನ ಕೇಳಿದ್ಯಾ?"

"ಕೇಳ್ದೆ ಅಮ್ಮ. ಆಗಲ್ಲ ಅಂದ್ರು. ಹೆಂಗಸರು ಅರ್ಧ ದಾರಿಗಂಟ ಅಷ್ಟೇ ಅಂತೆ. ಅಜ್ಜಿ ಕಾಲದಿಂದ ಹಂಗೇ ಅಂತೆ."

"ನಾನು ಗುಣಿಗಂಟ ಬತ್ತೀನಿ ಕಣಪ್ಪ. ಇನ್ನೊಂದ್ಸಲ ಕೇಳು."

ಮಗ ತಲೆ ತಗ್ಗಿಸಿದ. ಹನುಮಂತಯ್ಯ ಆಂಜಿನಪ್ಪನ ಅಣ್ಣ, ಮನೆಗೆ ಹಿರಿಯ. ಮೂವತ್ತೈದು ವರ್ಷದ ಸಂಸಾರದಲ್ಲಿ ಭಾಗ್ಯಮ್ಮ ಈ ಭಾವನ ಎದುರು ನಿಂತು ಒಂದು ಮಾತು ಆಡಿದವಳಲ್ಲ. ಅವರು ಬೇಡವೆಂದರೆ ಬೇಡ. ಆದರೆ ಗಂಡನ ಹಿಂದೆ ಕೊನೆಯ ತನಕ ಇರುತ್ತೇನೆಂದು ಅವಳು ಮಾತು ಕೊಟ್ಟಿದ್ದಳು. ಕೊಟ್ಟ ಮಾತಿಗೆ ಹೋಲಿಸಿದರೆ ಈ ದಾರಿ ಎಷ್ಟು? ಗುಣಿ ತೋಡಿದ್ದ ಕೆರೆಯ ಪಕ್ಕದ ತುಂಡು ಜಮೀನಿಗೆ ಒಂದೂವರೆ ಕಿಲೋಮೀಟರು ಕೂಡ ಇಲ್ಲ.

*

ಓಟ ಹತ್ತಿದ್ದು ಗುರುರಾಜ್‌ನಿಂದ. ರಾಣೆಬೆನ್ನೂರಿನ ಹುಡುಗ, ಪಕ್ಕದ ಐಟಿ ಪಾರ್ಕಿನಲ್ಲಿ ಕೆಲಸ, ಆಗ ಅವರ ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದ. ಬೆಳಗಿನ ಐದೂವರೆಗೆ ಚಡ್ಡಿ ಹಾಕಿಕೊಂಡು ಓಡಿ ಬರುತ್ತಿದ್ದವನನ್ನು ಗೇಟಿನ ಬಳಿ ಬೇವಿನಕಡ್ಡಿ ಜಗಿಯುತ್ತ ನಿಂತ ಆಂಜಿನಪ್ಪ ತಡೆದ.

"ಯಾರು ಸಾರ್ ಅಟ್ಟಿಸ್ಕಂಡ್ ಬರ್ತಾವ್ರೆ?"

"ಸಕ್ಕರಿ ಕಾಯಿಲೆರೀ ಓನರ್ರ," ಎಂದು ಗುರುರಾಜ್ ನಕ್ಕ. "ನಮ್ಮಪ್ಪಗ ಬಂದೈತಿ, ನನಗೂ ಬರತೈತಿ. ಅದಕ್ಕ ಮೊದಲ ಓಡಾಕತ್ತೀನಿ."

ಆಂಜಿನಪ್ಪನಿಗೆ ಅದು ಆಗಲೇ ಬಂದು ಎರಡು ವರ್ಷವಾಗಿತ್ತು. ಮರುದಿನ ಐಟಿ ಪಾರ್ಕಿನ ಗೇಟಿನ ತನಕ ಓಡಿ, ಅಲ್ಲಿ ಸೆಕ್ಯೂರಿಟಿಯವನ ಕುರ್ಚಿಯಲ್ಲಿ ಕೂತು, ಆಟೋದಲ್ಲಿ ಮನೆಗೆ ಬಂದ. ಭಾಗ್ಯಮ್ಮ ನಕ್ಕೂ ನಕ್ಕೂ ಸುಸ್ತಾದಳು. ಆಂಜನೇಯನ ಹೆಸರಿಟ್ಟುಕೊಂಡು ಇಷ್ಟೇನಾ ಎಂದಳು. ಆ ಮಾತೇ ನಾಟಿತೋ ಏನೋ, ಮೂರು ತಿಂಗಳಲ್ಲಿ ಐದು ಕಿಲೋಮೀಟರು, ವರ್ಷದಲ್ಲಿ ಹತ್ತು, ಮರುವರ್ಷ ಇಪ್ಪತ್ತೊಂದು. ಕಾಡುಗೋಡಿ ದಾಟಿ ಹೊಸಕೋಟೆ ರಸ್ತೆ ಹಿಡಿದು ವಾಪಸ್. ಮೊದಲ ಸಲ ಎರಡೂ ಮುಕ್ಕಾಲು ಗಂಟೆ ಹಿಡಿಯಿತು. ಸಾಯುವುದರೊಳಗೆ ಎರಡು ಗಂಟೆಯ ಒಳಗೆ ಮುಗಿಸಬೇಕೆಂಬ ಹುಚ್ಚು ಹಿಡಿದದ್ದು ಆಮೇಲೆ.

ಭಾನುವಾರದ ಉದ್ದದ ಓಟಕ್ಕೆ ಭಾಗ್ಯಮ್ಮ ಮೊಪೆಡ್ ಹತ್ತಿದಳು. ಬುಟ್ಟಿಯಲ್ಲಿ ಉಪ್ಪು ಹಾಕಿದ ನೀರುಮಜ್ಜಿಗೆ, ಒಂದು ಟವೆಲ್ಲು, ನಾಯಿಗಳಿಗೆ ಒಂದು ಕೋಲು. ಅವಳು ಮುಂದೆ ಹೋಗಿ ಮೆಟ್ರೋ ಕಂಬದ ಬುಡದಲ್ಲಿ ಕಾಯುವುದು, ಅವನು ಬಂದು ಕುಡಿದು ಓಡುವುದು. ಮಂಜು ಮುಸುಕಿದ ರಸ್ತೆಯಲ್ಲಿ ಆ ಮನುಷ್ಯ ಸಣ್ಣ ಚುಕ್ಕಿಯಾಗಿ ಕಂಡು, ದೊಡ್ಡವನಾಗುತ್ತ ಆಗುತ್ತ ಹತ್ತಿರ ಬರುವುದನ್ನು ನೋಡಲು ಅವಳಿಗೆ ಬಲು ಇಷ್ಟವಿತ್ತು. ಮದುವೆಯಾದ ಹೊಸದರಲ್ಲೂ ಅವನು ಇಷ್ಟು ಆಸೆಯಿಂದ ತನ್ನ ಕಡೆ ಬಂದದ್ದಿಲ್ಲ ಎಂದು ಒಮ್ಮೆ ಶಾಂತಿಗೆ ಹೇಳಿ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು.

ಎಡವಟ್ಟಾದದ್ದು ಎರಡು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ. ಅವನು ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತಾನೆಂಬುದು ಅವಳಿಗೆ ಬಾಯಿಪಾಠ. ಆ ಲೆಕ್ಕದಲ್ಲಿ ದಾರಿಯಲ್ಲಿ ಸೊಪ್ಪು ಕೊಂಡು, ಚೌಕಾಸಿ ಮಾಡಿ, ನಿಧಾನಕ್ಕೆ ಹೋಗಿ ಕಂಬದ ಬಳಿ ನಿಂತಳು. ಆದರೆ ಅವತ್ತು ಅವನಿಗೆ ಎಲ್ಲಿಲ್ಲದ ಕಾಲು ಬಂದಿತ್ತು. ಅವಳು ಬರುವ ಮೊದಲೇ ಕಂಬ ದಾಟಿದ್ದ. ಹೆಂಡತಿ ಮುಂದಿನ ಕಂಬದಲ್ಲಿದ್ದಾಳೆ, ಅದರ ಮುಂದಿನದರಲ್ಲಿದ್ದಾಳೆ ಎಂದುಕೊಂಡು ನೀರಿಲ್ಲದೆ ಎಂಟು ಕಿಲೋಮೀಟರು ಓಡಿದ್ದ. ಅವಳು ಮುಕ್ಕಾಲು ಗಂಟೆ ಕಾದು, ಹೆದರಿ, ಹುಡುಕುತ್ತ ಹೋದರೆ ಒಂದು ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತಿದ್ದ. ಮುಖದ ತುಂಬ ಉಪ್ಪು ಬೆಳ್ಳಗೆ ಒಣಗಿತ್ತು.

ಬೈಯಲಿಲ್ಲ. ಮಜ್ಜಿಗೆಯನ್ನೆಲ್ಲ ಕುಡಿದು, "ಇನ್ಮೇಲೆ ಮುಂದೆ ಓಗಿ ಕಾಯ್ಬೇಡ ಕಣೆ ಭಾಗ್ಯ," ಎಂದ. "ಇಂದೆ ಬಾ. ಕೊನೇಗಂಟ ನನ್ನ ಇಂದೇ ಇರು."

"ಇರ್ತೀನಿ ಬುಡಿ," ಎಂದಿದ್ದಳು. ಅವತ್ತಿನಿಂದ ಒಂದು ಭಾನುವಾರವೂ ತಪ್ಪಿಸಿರಲಿಲ್ಲ.

*

ಶಾಮಿಯಾನದ ಕೆಳಗೆ ಹೂವಿನವನಿಗಾಗಿ ಕಾಯುತ್ತಿದ್ದರು. ಬ್ರೂಕ್‌ಫೀಲ್ಡ್‌ನ ಸ್ವಂತ ಫ್ಲ್ಯಾಟಿಗೆ ಹೋಗಿ ನಾಲ್ಕು ವರ್ಷವಾಗಿದ್ದರೂ ಗುರುರಾಜ್ ಭಾನುವಾರದ ಓಟ ಬಿಟ್ಟವನಲ್ಲ. ಇವತ್ತು ಆಫೀಸಿಗೆ ರಜೆ ಹಾಕಿ, ಜೊತೆಗೆ ಓಡುವ ಏಳೆಂಟು ಮಂದಿಯನ್ನು ಕಟ್ಟಿಕೊಂಡು ಬಂದಿದ್ದ. ಭಾಗ್ಯಮ್ಮನ ಹತ್ತಿರ ನೆಲದ ಮೇಲೇ ಕೂತ.

"ಬಾಯಿಗೆ ಏನರ ಹಾಕ್ಕೊಂಡೀರೇನು ಅಮ್ಮಾರ?"

"ಎಲ್ಲಿ ಇಳೀತದೆ ಗುರುರಾಜಪ್ಪ." ಅವಳೇ ಕೇಳಿದಳು, "ಓದ ತಿಂಗಳು ಎಷ್ಟಾಗಿತ್ತು ಅವರದು?"

"ಎರಡು ತಾಸು, ಒಂಬತ್ತು ಸೆಕೆಂಡ್‌ರೀ."

"ಒಂಬತ್ತು ಸೆಕೆಂಡ್ಗೆ ಎಲ್ಡು ದಿವಸ ಮಕ ಊದಿಸ್ಕಂಡಿದ್ರು. ಚೆನ್ನಾಗ್ ಬೈದೆ."

ಗುರುರಾಜ್ ನೆಲ ನೋಡುತ್ತಿದ್ದ. "ಆ ಒಂಬತ್ತು ಸೆಕೆಂಡ್ ಎಲ್ಲಿ ಹೋದ್ವು ಅಂತ ನನಗ ಗೊತ್ತೈತ್ರಿ. ಹಿಂದ ತಿರುಗಿ ನೋಡೋದು. ಕಿಲೋಮೀಟರಿಗೊಮ್ಮೆ ಕತ್ತು ತಿರುಗಿಸೋರು, ನೀವು ಕಂಡ್ರ ಮತ್ತ ಓಡೋರು. ಬಾಜೂಕ ಓಡೋನಿಗೆ ತಿಳೀತೈತಲ್ರೀ, ತಿರುಗಿದಾಗೊಮ್ಮೆ ಕಾಲು ತಡೀತಿತ್ತು. ಎಷ್ಟು ಸಲ ಹೇಳೀನಿ, ಓನರ್ರ, ಹಿಂದ ನೋಡಬ್ಯಾಡ್ರಿ, ರೆಕಾರ್ಡ್ ಹೋಗತೈತಿ ಅಂತ."

"ಅದಕ್ಕೇನಂದ್ರು?"

"ಓದ್ರೆ ಓಗ್ಲಿ ಸಾರ್ ಅಂದ್ರು. ಅವಳು ಕಾಣ್ಲಿಲ್ಲ ಅಂದ್ರೆ ಕಾಲೇ ಏಳಾಕಿಲ್ಲ ಅಂದ್ರು."

ಗಂಡ ನಾಯಿಗಳಿಗೆ ಹೆದರಿ ತಿರುಗುತ್ತಾನೆ ಎಂದು ಭಾಗ್ಯಮ್ಮ ಅಂದುಕೊಂಡಿದ್ದಳು. ಪ್ರತಿ ಸಲವೂ ಕೋಲು ಎತ್ತಿ ತೋರಿಸಿದ್ದಳು, ನಾನಿದ್ದೀನಿ, ನಾಯಿ ಬಂದರೆ ನೋಡಿಕೊಳ್ಳುತ್ತೀನಿ ಎಂದು. ಮೂವತ್ತೈದು ವರ್ಷದಲ್ಲಿ ನೀನು ಬೇಕು ಎಂದು ಬಾಯಿಬಿಟ್ಟು ಹೇಳದ ಗಂಡಸು, ಬಾಡಿಗೆದಾರನ ಹತ್ತಿರ ಹೇಳಿದ್ದ. ನಿನ್ನೆಯಿಂದ ಬಾರದಿದ್ದ ಅಳು ಈಗ ಬಂತು. ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅವನು ಅಷ್ಟು ಆಸೆಪಟ್ಟದ್ದು ತನ್ನಿಂದಲೇ ಕೈತಪ್ಪಿತಲ್ಲ ಎಂದು ಸಂಕಟವಾಯಿತು. ಅದರ ಜೊತೆಗೇ, ಹೇಳಲು ನಾಚಿಕೆಯಾಗುವಂಥ ಒಂದು ಸಂತೋಷವೂ ಆಯಿತು.

*

ಚಟ್ಟ ಎತ್ತಿದಾಗ ಹನ್ನೆರಡೂವರೆ. ವ್ಯಾನು ತರಿಸೋಣವೆಂದು ಚಿರಂಜೀವಿ ಅಂದಿದ್ದ. ಓಟದವರು ಕೇಳದೆ ಹೆಗಲು ಕೊಟ್ಟರು. ಮುಂದೆ ತಮಟೆ, ಆಮೇಲೆ ಬೆಂಕಿಯ ಮಡಕೆ ಹಿಡಿದ ಚಿರಂಜೀವಿ, ಆಮೇಲೆ ಆಂಜಿನಪ್ಪ. ಹೆಂಗಸರು ಹಿಂದೆ. ತಲೆ ಮುಂದಾಗಿ ಹೊತ್ತಿದ್ದರಿಂದ, ಎತ್ತರದ ದಿಂಬಿನ ಮೇಲಿದ್ದ ಅವನ ಮುಖ ಹಿಂದೆ ಬರುವವರ ಕಡೆಗೇ ಇತ್ತು. ಊಟದ ಹೊತ್ತಿಗೆ ಹೊರಬಿದ್ದಿದ್ದ ಐಟಿಯವರು ಕೊರಳಿನ ಕಾರ್ಡು ಹಿಡಿದುಕೊಂಡು ಪಕ್ಕಕ್ಕೆ ಸರಿದು ನಿಂತರು.

ಅರ್ಧ ದಾರಿಯೆಂದರೆ ಹಿಂದೆ ರಾಗಿ ಕಣವಿದ್ದ ಜಾಗ. ಈಗ ಅಲ್ಲಿ ಗಂಡುಹುಡುಗರ ಪಿಜಿ ಎದ್ದಿದೆ. ಆದರೂ ಊರವರು ಹೆಣ ಇಳಿಸುವುದು ಅಲ್ಲೇ. ಪಿಜಿ ಹುಡುಗರು ಹೇಳಿಸಿಕೊಳ್ಳದೆ ಬೈಕುಗಳನ್ನು ತೆಗೆದು ಜಾಗ ಮಾಡಿಕೊಟ್ಟರು.

ಚಟ್ಟ ಇಳಿಸಿದರು. ಹನುಮಂತಯ್ಯ ಹೆಂಗಸರ ಕಡೆ ತಿರುಗಿದರು.

"ಎಣ್ಮಕ್ಳು ಇಲ್ಲಿಂದ ಮನೆಗೋಗ್ರಮ್ಮ. ಶಾಂತಿ, ನಿಮ್ಮತ್ತಿಗೇನ ಕರ್ಕಂಡ್ ನಡಿ."

ಶಾಂತಿ ತೋಳು ಹಿಡಿದಳು. ಭಾಗ್ಯಮ್ಮ ಕದಲಲಿಲ್ಲ.

"ನಮ್ಮ ಕಡೆ ಹೆಣ್ಮಕ್ಕಳು ಕುಣಿ ತನಕ ಬರ್ತಾರ್ರಿ ಯಜಮಾನ್ರ," ಎಂದ ಗುರುರಾಜ್.

"ನಿಮ್ಮ ಕಡೇದು ನಿಮ್ಗೆ ಸಾರ್. ನಮ್ದು ನಮ್ಗೆ."

ನಾಲ್ವರು ಸೇರಿ ಚಟ್ಟವನ್ನು ನೆಲದ ಮೇಲೇ ಸುತ್ತ ತಿರುಗಿಸತೊಡಗಿದರು. ತಲೆಯಿದ್ದ ಕಡೆ ಕಾಲು ಬಂತು. ಇಷ್ಟು ಹೊತ್ತೂ ಎದುರಿಗಿದ್ದ ಗಂಡನ ಮುಖ ಭಾಗ್ಯಮ್ಮನಿಗೆ ಕಾಣದಾಯಿತು. ಹಿಂದೆ ನಿಂತವಳಿಗೆ ಕಂಡದ್ದು ನೆತ್ತಿಯ ನರೆಗೂದಲು, ದಿಂಬಿನ ಅಂಚು, ಅಷ್ಟೇ.

"ಭಾವಾ," ಎಂದಳು.

ಹನುಮಂತಯ್ಯ ಬೆಚ್ಚಿದರು. ಆ ಬಾಯಿ ತಮ್ಮನ್ನು ಕರೆದದ್ದನ್ನು ಅವರು ಕೇಳಿಯೇ ಇರಲಿಲ್ಲ.

"ಯಾಕೆ ತಿರುಗ್ಸೋದು?"

ಅವರ ದನಿ ತಾನಾಗಿ ಇಳಿಯಿತು. "ಇಲ್ಲಿಗಂಟ ಮನೆ ನೋಡ್ಕಂಡ್ ಬತ್ತಾನೆ ಕಣಮ್ಮ. ಇಲ್ಲಿಂದ ಮುಂದಕ್ಕೆ ಅವನು ಇಂದಕ್ಕೆ ನೋಡಂಗಿಲ್ಲ. ನೋಡಿದ್ರೆ ಇಲ್ಲೇ ಉಳಕಂಬುಡ್ತಾನೆ."

"ನೋಡೋದು ಬ್ಯಾಡ," ಎಂದಳು ಭಾಗ್ಯಮ್ಮ. "ಇನ್ನು ಇಂದಕ್ಕೆ ನೋಡೋದು ಬ್ಯಾಡ ಅವರು."

ಶಾಂತಿಯ ಕೈಯನ್ನು ಮೆಲ್ಲಗೆ ಬಿಡಿಸಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಚಟ್ಟದ ಪಕ್ಕದಲ್ಲಿ ನಡೆದಳು. ಮಡಕೆ ಹಿಡಿದ ಮಗನನ್ನು ದಾಟಿದಳು. ತಮಟೆಯವರು ಇಬ್ಭಾಗವಾಗಿ ದಾರಿ ಬಿಟ್ಟರು. ಎಲ್ಲರಿಗಿಂತ ಮುಂದೆ ಹತ್ತು ಮಾರು ಹೋಗಿ, ರಸ್ತೆಯ ನಟ್ಟನಡುವೆ, ದಿಂಬಿನ ಮೇಲಿನ ಮುಖಕ್ಕೆ ನೇರವಾಗಿ ನಿಂತಳು.

ಹನುಮಂತಯ್ಯ ತಮ್ಮನ ಮುಖ ನೋಡಿದರು, ರಸ್ತೆಯ ಮೇಲೆ ಒಂಟಿಯಾಗಿ ನಿಂತವಳನ್ನು ನೋಡಿದರು. ಹೆಗಲ ಟವೆಲಿನಿಂದ ಕಣ್ಣು ಒತ್ತಿಕೊಂಡು, "ಎತ್ರಪ್ಪ," ಎಂದರು.

ಓಟದವರು ಎತ್ತಿದರು. ಓಡಿ ಅಭ್ಯಾಸವಾದ ಕಾಲುಗಳು ತಮಟೆಗೂ ಮುಂಚೆ ಹೊರಟವು. ಮುಂದೆ ಭಾಗ್ಯಮ್ಮ ಕೆರೆಯ ಕಡೆಗೆ ನಡೆಯುತ್ತಿದ್ದಳು, ಬೇಗ ಬೇಗ, ಒಂದು ಸಲವೂ ತಿರುಗದೆ.